ಎರಡು ಉಣ್ಣೆಯ ನಾಯಿ

ಒಂಬತ್ತು ವರ್ಷದ ಹಿಂದೆ, ಒಂದು ಶನಿವಾರ ಸಂಜೆ, ಗಂಡ ಹೆಂಡತಿ ಇಬ್ಬರು ಬೂದು-ಬಿಳಿ ಬಣ್ಣದ ಹೆಣ್ಣು ಹಸ್ಕಿಯೊಂದನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. "ಮೇಡಂ, ಎರಡು ದಿನ ಇಟ್ಕೊಳ್ಳಿ, ಮದುವೆಗೆ ಹೋಗಿ ಬಂದ್ಬಿಡ್ತೀವಿ" ಅಂದರು. ಆ ಮದುವೆ ಇನ್ನೂ ಮುಗಿದಿಲ್ಲ. ಮೂರನೆಯ ದಿನಕ್ಕೆ ಅವರ ಫೋನು ಸ್ವಿಚ್ ಆಫ್. ರಿಜಿಸ್ಟರಿನಲ್ಲಿ ನಾಯಿಯ ಹೆಸರು 'ಘೋಸ್ಟ್' ಎಂದಿತ್ತು. "ದೆವ್ವ ಅಂತ ಕರೆದು ಊಟ ಹಾಕೋಕಾಗುತ್ತಾ?" ಎಂದು ನಮ್ಮಮ್ಮ ಅದನ್ನು ಬೆಳ್ಳಿ ಎಂದು ಕರೆದರು. ಎರಡು ವರ್ಷದ್ದಾಗಿ ಬಂದ ಬೆಳ್ಳಿಗೆ ಈಗ ಹನ್ನೊಂದು.

ಬೆಂಗಳೂರಿನಲ್ಲಿ ಸಾಕುಪ್ರಾಣಿಗಳ ವೈದ್ಯೆಯಾಗಿ ಹದಿನೇಳು ವರ್ಷವಾಯಿತು. ಹಸ್ಕಿಗಳ ಬಗ್ಗೆ ಕಾಲೇಜಿನಲ್ಲಿ ಓದಿದ್ದು ಅರ್ಧ ಪುಟ. ಉಳಿದದ್ದನ್ನು ಕಲಿಸಿದ್ದು ಕ್ಲಿನಿಕ್ಕಿನ ಮೇಜು ಮತ್ತು ಮನೆಯಲ್ಲಿರುವ ಬೆಳ್ಳಿ. ಕೆಲವು ಪಾಠಗಳಿಗೆ ಬೇರೆಯವರ ನಾಯಿಗಳು ಬೆಲೆ ತೆತ್ತಿವೆ.

1. ಬಿಸಿಲಿಗೆ ಹೆದರಿದಷ್ಟೇ ಸೆಕೆಗೂ ಹೆದರಿ

2016ರ ಏಪ್ರಿಲ್ 24ರ ಭಾನುವಾರ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಈ ಊರಿನ ದಾಖಲೆ ಅದು. ಆ ದಿನ ಬಿಸಿಲು ಬಡಿದ ಒಂದು ನಾಯಿಯೂ ನನ್ನ ಹತ್ತಿರ ಬರಲಿಲ್ಲ. ಸುದ್ದಿ ನೋಡಿ ಎಲ್ಲರೂ ಒಳಗೇ ಇಟ್ಟುಕೊಂಡಿದ್ದರು. ಬಂದದ್ದು ಇನ್ನೊಂದು ವರ್ಷದ ಮೇ ತಿಂಗಳಲ್ಲಿ, ರಾತ್ರಿ ಮಳೆ ಹುಯ್ದ ಮರುದಿನ ಬೆಳಗ್ಗೆ ಹತ್ತಕ್ಕೆ. ಮೋಡ ಕವಿದಿತ್ತು, 31 ಡಿಗ್ರಿಯೂ ಇರಲಿಕ್ಕಿಲ್ಲ. 'ತಂಪಾಗಿದೆಯಲ್ಲ' ಅಂತ ಮನೆಯ ಹುಡುಗ ಅಪಾರ್ಟ್‌ಮೆಂಟಿನ ಹುಲ್ಲಿನ ಮೇಲೆ ಒಂದು ಗಂಟೆ ಚೆಂಡಾಟ ಆಡಿಸಿದ್ದ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕುತ್ತ, ಬಾಯಿಯ ತೇವ ಆರಿದಷ್ಟೇ ಅದಕ್ಕೆ ತಂಪು. ಗಾಳಿಯಲ್ಲೇ ನೀರು ತುಂಬಿದ್ದರೆ ಎಷ್ಟು ತೇಕಿದರೂ ಆರುವುದಿಲ್ಲ. ಬಟ್ಟೆ ಒಣಗದ ದಿನ ಹಸ್ಕಿಯನ್ನು ಓಡಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಕಲಬುರಗಿಯ ಒಣ ಬಿಸಿಲು ಎಷ್ಟು ಅಪಾಯವೋ ಮಂಗಳೂರಿನ 33 ಡಿಗ್ರಿಯ ಸೆಕೆಯೂ ಅಷ್ಟೇ ಅಪಾಯ.

ಆ ನಾಯಿಯ ಮೈ 107 ಫ್ಯಾರನ್‌ಹೀಟ್ ಇತ್ತು. ಸಹಜವಾಗಿ ಇರಬೇಕಾದದ್ದು 101ರಿಂದ 102.5. ವಸಡು ಇಟ್ಟಿಗೆ ಕೆಂಪು, ಜೊಲ್ಲು ಅಂಟು ಅಂಟು, ಕಾಲು ನಿಲ್ಲುತ್ತಿರಲಿಲ್ಲ. ಮನೆಯವರು ಒದ್ದೆ ಟರ್ಕಿ ಟವೆಲನ್ನು ಮೈಗೆ ಬಿಗಿಯಾಗಿ ಸುತ್ತಿ, ಕಾರಿನಲ್ಲಿ ಮಲಗಿಸಿ, ಟ್ರಾಫಿಕ್‌ನಲ್ಲಿ ನಲವತ್ತು ನಿಮಿಷ ಬಂದಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಸುತ್ತಿದ ಒದ್ದೆ ಬಟ್ಟೆ ಕೆಲವೇ ನಿಮಿಷದಲ್ಲಿ ಕಾಯುತ್ತದೆ, ಆಮೇಲೆ ಅದೇ ಕಂಬಳಿ. ಮೊದಲು ಮನೆಯಲ್ಲೇ ತಂಪು ಮಾಡಬೇಕು, ಆಮೇಲೆ ಹೊರಡಬೇಕು. ನಲ್ಲಿ ನೀರು ಸಾಕು: ಹೊಟ್ಟೆ, ತೊಡೆಸಂದು, ಕಂಕುಳಿಗೆ ಮಗ್‌ಗಟ್ಟಲೆ ಸುರಿಯುತ್ತಲೇ ಇರಿ, ಟೇಬಲ್ ಫ್ಯಾನ್ ತಿರುಗಿಸಿಡಿ. ಒಬ್ಬರು ನೀರು ಹಾಕುತ್ತಿರುವಾಗ ಇನ್ನೊಬ್ಬರು ಡಾಕ್ಟರಿಗೆ ಫೋನ್ ಮಾಡಲಿ. ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, 103.5ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಕಾರಿನ ಎಸಿ ಹಾಕಿಕೊಂಡು ಹೊರಡಿ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಸಂಜೆಗೆ ಅದು ಎದ್ದು ಕೂತಿತು, ಬಾಲ ಆಡಿಸಿತು. "ಮನೆಗೆ ಕರ್ಕೊಂಡು ಹೋಗ್ತೀವಿ" ಅಂದರು, ನಾನು ಬಿಡಲಿಲ್ಲ. ಬಿಸಿಲಾಘಾತದ ಪೆಟ್ಟು ಮೂತ್ರಪಿಂಡಕ್ಕೆ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಗೆ ತಗುಲಿದ್ದು ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ. ಮರುದಿನ ಮೂತ್ರ ಬರಲಿಲ್ಲ. ಮೂರನೆಯ ದಿನ ಬೆಳಗಿನ ಜಾವ ಅದು ಸತ್ತಿತು.

ಅಂದಿನಿಂದ ಹಸ್ಕಿ ಸಾಕುವವರಿಗೆಲ್ಲ ಮೊದಲು ಒಂದು ಥರ್ಮಾಮೀಟರ್ ಕೊಳ್ಳಿ ಅನ್ನುತ್ತೇನೆ, ಎಸಿ ಆಮೇಲೆ. ಎಸಿಯನ್ನೇ ನಂಬಿದ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದರೆ ಯುಪಿಎಸ್‌ನಲ್ಲಿ ಓಡುವುದು ಫ್ಯಾನ್ ಮಾತ್ರ. ಬೆಳ್ಳಿ ತನ್ನ ಜಾಗವನ್ನು ತಾನೇ ಹುಡುಕಿಕೊಂಡಿದೆ: ನಮ್ಮ ಹಳೆಯ ಮನೆಯ ರೆಡ್ ಆಕ್ಸೈಡ್ ನೆಲ, ದೇವರ ಕೋಣೆಯ ಹೊಸ್ತಿಲಿನ ಪಕ್ಕ. ಹೊಟ್ಟೆ ನೆಲಕ್ಕೆ ಅಂಟಿಸಿ, ಹಿಂಗಾಲು ಚಾಚಿ ಕಪ್ಪೆಯಂತೆ ಮಲಗುತ್ತದೆ. ವಾಕಿಂಗ್ ಬೆಳಗ್ಗೆ ಆರೂವರೆಯೊಳಗೆ, ರಾತ್ರಿ ಎಂಟರ ಮೇಲೆ. ಅನುಮಾನವಿದ್ದರೆ ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ನಿಮಗೆ ಆಗದಿದ್ದರೆ ಅದರ ಪಾದಕ್ಕೂ ಆಗದು.

2. ಮೈ ಬೋಳಿಸಬೇಡಿ

ಪ್ರತಿ ಮಾರ್ಚಿನಲ್ಲೂ ಈ ಜಗಳ ಇದ್ದದ್ದೇ. "ಅಯ್ಯೋ, ಈ ಬಿಸಿಲಲ್ಲಿ ಸ್ವೆಟರ್ ಹಾಕ್ಕೊಂಡಂಗಿದೆ ಪಾಪ, ತೆಗೆಸಿಬಿಡೋಣ" ಎಂದು ಮನಸ್ಸು ಕರಗಿದವರು ಸಲೂನಿಗೆ ಒಯ್ದು ನುಣ್ಣಗೆ ಹೊಡೆಸಿ ತರುತ್ತಾರೆ. ಹಸ್ಕಿಯ ಮೈಮೇಲೆ ಎರಡು ಪದರ. ಹೊರಗೆ ಒರಟು, ನೀಳ ಕೂದಲು. ಒಳಗೆ ಹತ್ತಿಯಂಥ ಮೆತ್ತನೆಯ ಒಳಗೂದಲು. ಸೆಕೆ ಹಿಡಿದಿಡುವುದು ಒಳಗಿನದು, ಬಿಸಿಲು ತಡೆಯುವುದು ಹೊರಗಿನದು. ಬೋಳಿಸಿದರೆ ಎರಡೂ ಹೋಗುತ್ತವೆ, ತೆಳು ಚರ್ಮ ನೇರ ಬಿಸಿಲಿಗೆ ಬೀಳುತ್ತದೆ. ಇನ್ನೊಂದು ಸಂಕಟ: ಈ ಶೀತದೇಶದ ತಳಿಗಳಲ್ಲಿ ಒಮ್ಮೆ ಬೋಳಿಸಿದ ಕೂದಲು ಕೆಲವೊಮ್ಮೆ ವರ್ಷವಾದರೂ ಬರುವುದಿಲ್ಲ, ಬಂದರೂ ತೇಪೆ ತೇಪೆ. ಹೀಗೆ ಬೋಳಿಸಿಕೊಂಡು ಬಂದ ಒಂದು ಗಂಡು ಹಸ್ಕಿಗೆ ಹದಿನಾಲ್ಕು ತಿಂಗಳಾದರೂ ಬೆನ್ನು ತುಂಬಿರಲಿಲ್ಲ.

ಬೇಕಾದದ್ದು ಕತ್ತರಿಯಲ್ಲ, ಬಾಚಣಿಗೆ. ವರ್ಷಕ್ಕೆರಡು ಸಲ ಒಳಗೂದಲು ಕಂತೆ ಕಂತೆಯಾಗಿ ಕಳಚುತ್ತದೆ. ನಮ್ಮ ಸೆಕೆಯ ಊರಲ್ಲಿ, ಟ್ಯೂಬ್‌ಲೈಟಿನ ಬೆಳಕಲ್ಲಿ ಬೆಳೆದವುಗಳಿಗೆ ಆ ಲೆಕ್ಕವೂ ತಪ್ಪಿ ವರ್ಷವಿಡೀ ಉದುರುತ್ತಿರುತ್ತದೆ. ಉದ್ದ ಹಲ್ಲಿನ, ಒಳಗೂದಲು ಎಳೆಯುವ ಬಾಚಣಿಗೆಯಿಂದ ವಾರಕ್ಕೆ ಮೂರು ಸಲ, ಕಳಚುವ ಕಾಲದಲ್ಲಿ ದಿನಾ ಬಾಚಿ. ಒಳಪದರ ಸಡಿಲವಾದರೆ ಗಾಳಿ ಚರ್ಮಕ್ಕೆ ಮುಟ್ಟುತ್ತದೆ. ಬಾಚಿ ತೆಗೆದ ಕೂದಲನ್ನು ಬೆಳ್ಳಿಯ ಪಕ್ಕ ಗುಡ್ಡೆ ಹಾಕಿದರೆ ಇನ್ನೊಂದು ಮರಿ ಮಲಗಿದಂತೆ ಕಾಣುತ್ತದೆ. ತಾರಸಿಯ ಮೇಲೆ ಬಾಚಿದರೆ ಪಕ್ಕದ ಮನೆಯ ಹಪ್ಪಳದ ಮೇಲೆ ಹಾರುತ್ತದೆ ಎಂಬುದೂ ಒಂದು ಅನುಭವದ ಪಾಠವೇ.

3. ಎರಡನೆಯ ಉಣ್ಣೆ

ಕನ್ನಡದಲ್ಲಿ ಕುರಿಯ ಉಣ್ಣೆಯೂ ಉಣ್ಣೆ, ನಾಯಿಯ ರಕ್ತ ಹೀರುವ ಹುಳವೂ ಉಣ್ಣೆ. ಹಸ್ಕಿಯ ಮಟ್ಟಿಗೆ ಇದು ಬರೀ ಪದದ ಆಟವಲ್ಲ. ಒಂದು ಉಣ್ಣೆಯೊಳಗೆ ಇನ್ನೊಂದು ಅಡಗಿರುತ್ತದೆ. ಮುಧೋಳದ ನಾಯಿಯ ಮೈಮೇಲೆ ಹತ್ತು ಅಡಿ ದೂರದಿಂದ ಕಾಣುವ ಹುಳ, ಹಸ್ಕಿಯಲ್ಲಿ ಹುಣಿಸೆಬೀಜದಷ್ಟು ಉಬ್ಬಿದರೂ ಕಾಣುವುದಿಲ್ಲ. ಕಣ್ಣಿನಿಂದ ಹುಡುಕುವ ಕೆಲಸವಲ್ಲ ಇದು, ಬೆರಳಿನಿಂದ ಹುಡುಕಬೇಕು. ಕೂದಲ ಮೇಲೆ ಸವರಿದರೆ ಪ್ರೀತಿ ಅಷ್ಟೇ. ಬೆರಳ ತುದಿ ಚರ್ಮಕ್ಕೆ ತಾಗಿದರೆ ತಪಾಸಣೆ. ಕಿವಿಯ ಒಳಮಡಿಕೆ, ಕತ್ತುಪಟ್ಟಿಯ ಕೆಳಗೆ, ಕಂಕುಳು, ಬಾಲದ ಬುಡ, ಕಾಲ್ಬೆರಳ ಸಂದಿ, ಇದೇ ಕ್ರಮದಲ್ಲಿ ದಿನಾ ರಾತ್ರಿ ಐದು ನಿಮಿಷ. ನಮ್ಮ ಮನೆಯಲ್ಲಿ ಅಮ್ಮ ಧಾರಾವಾಹಿ ನೋಡುತ್ತ ಮಾಡುತ್ತಾರೆ.

ನಮ್ಮಲ್ಲಿ ನಾಯಿಗೆ ಹತ್ತುವ ಕಂದು ಉಣ್ಣೆ ಎರ್ಲಿಚಿಯ, ಬೆಬೀಸಿಯ ಎಂಬ ಎರಡು ರೋಗಗಳನ್ನು ಹೊತ್ತು ತರುತ್ತದೆ. (ಮಲೆನಾಡಿನ ಮಂಗನ ಕಾಯಿಲೆಯ ಉಣುಗು ಬೇರೆ ಜಾತಿ, ಅದಕ್ಕೂ ಇದಕ್ಕೂ ಗಂಟು ಹಾಕಿ ಗಾಬರಿಯಾಗಬೇಡಿ.) ಎರ್ಲಿಚಿಯ ಬಂದರೆ ಪ್ಲೇಟ್‌ಲೆಟ್ ಕುಸಿಯುತ್ತದೆ, ಮೂಗಿನಿಂದ ರಕ್ತ ಬರಬಹುದು. ಬೆಬೀಸಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ವಸಡು ಬಿಳಿಚಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಹಸ್ಕಿ ಮನೆಗಳಲ್ಲಿ ಇದು ತಡವಾಗಿ ತಿಳಿಯಲು ಕಾರಣ ಹುಳ ಕಾಣದಿರುವುದು ಮಾತ್ರವಲ್ಲ. ಊಟ ಬಿಟ್ಟ ನಾಯಿಯನ್ನು ನೋಡಿ "ಬೇಸಿಗೆ ಅಲ್ವಾ ಮೇಡಂ, ಅದಕ್ಕೇ ತಿಂತಿಲ್ಲ" ಎಂದು ನಾಲ್ಕು ದಿನ ಕಾಯುತ್ತಾರೆ. ಸೆಕೆಗೆ ಊಟ ಬಿಟ್ಟ ಹಸ್ಕಿ ಸಂಜೆ ತಂಪಾದ ಮೇಲೆ ತಿನ್ನುತ್ತದೆ, ಆಡುತ್ತದೆ, ವಸಡು ಗುಲಾಬಿಯಾಗಿಯೇ ಇರುತ್ತದೆ. ಸಂಜೆಯೂ ಮುದುಡಿ ಮಲಗಿದ್ದು, ಮೈ 103 ದಾಟಿದ್ದರೆ ಅದೇ ರಾತ್ರಿ ರಕ್ತಪರೀಕ್ಷೆ ಮಾಡಿಸಿ. ಎರ್ಲಿಚಿಯಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ. ಮೂರನೆಯ ದಿನಕ್ಕೆ ಚೇತರಿಸಿಕೊಂಡಿತೆಂದು ನಿಲ್ಲಿಸಿ, ಎರಡು ತಿಂಗಳ ಮೇಲೆ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಕರೆತಂದವರ ಹೆಸರು ಬರೆದಿಟ್ಟರೆ ಒಂದು ನೋಟ್‌ಬುಕ್ ತುಂಬುತ್ತದೆ.

ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ತೋಟಕ್ಕೆ ಹೊಡೆಯುವ ಔಷಧಿ ಯಾವುದೂ ಬೇಡ. ನಾಯಿ ಮೈ ನೆಕ್ಕುತ್ತದೆ, ಅದು ಹೊಟ್ಟೆಗೆ ಹೋಗುತ್ತದೆ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ, ಉಗುರಿನಲ್ಲಿ ಕುಕ್ಕಬೇಡಿ. ತಿಂಗಳಿಗೊಮ್ಮೆ ಅಥವಾ ಹನ್ನೆರಡು ವಾರಕ್ಕೊಮ್ಮೆ ಕೊಡುವ ಅಗಿಯುವ ಮಾತ್ರೆಗಳು ಈಗ ಒಳ್ಳೆಯ ಕೆಲಸ ಮಾಡುತ್ತವೆ. ಆದರೆ ನಿಮ್ಮ ನಾಯಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರೆಗೆ ಮೊದಲು ಡಾಕ್ಟರಿಗೆ ಹೇಳಲೇಬೇಕು. ಹಸ್ಕಿಗಳಲ್ಲಿ ಅಪಸ್ಮಾರ ಅಪರೂಪವೇನಲ್ಲ. ಮೈಮೇಲಿನ ಹುಳ ಸತ್ತರೂ ಕಥೆ ಮುಗಿಯುವುದಿಲ್ಲ. ಹೆಣ್ಣು ಉಣ್ಣೆ ರಕ್ತ ಕುಡಿದು ಉದುರಿ, ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಕಾಂಪೌಂಡಿನ ಬಿರುಕಿಗೆ ಸಿಮೆಂಟು ಮೆತ್ತಿಸುವುದೂ ಚಿಕಿತ್ಸೆಯೇ.

4. ಸ್ನಾನ ಸುಲಭ, ಒಣಗಿಸುವುದು ಕಷ್ಟ

ಎರಡು ತಿಂಗಳಿಗೊಂದು ಸ್ನಾನ ಸಾಕು. ಹಸ್ಕಿಗೆ ಸಹಜವಾಗಿ ನಾಯಿವಾಸನೆ ಕಡಿಮೆ. ಮಾಡಿಸಿದರೆ ಮಾತ್ರ ಚರ್ಮದವರೆಗೆ ಒಣಗಿಸಿ. ಮೇಲೆ ಗರಿಗರಿ ಅನ್ನಿಸಿದರೂ ಒಳಗೂದಲು ಆರು ಗಂಟೆ ಕಳೆದರೂ ತಣ್ಣಗೆ ಒದ್ದೆಯಿರುತ್ತದೆ. ಜುಲೈ-ಆಗಸ್ಟಿನಲ್ಲಿ ಅಲ್ಲೇ ಹುಣ್ಣು ಶುರು: ಬೆಳಗ್ಗೆ ಎಂಟಾಣೆಯಗಲ ಇದ್ದದ್ದು ಸಂಜೆಗೆ ಅಂಗೈಯಗಲ, ಕೀವು, ವಾಸನೆ. ಇಲ್ಲೂ ಬೆರಳೇ ಹೇಳಬೇಕು. ಬ್ಲೋವರನ್ನು ಬಿಸಿಯಿಲ್ಲದೆ ಹಾಕಿ, ಬಾಚುತ್ತ ಬಾಚುತ್ತ ಒಣಗಿಸಿ. ಬ್ಲೋವರ್ ಇಲ್ಲದವರು ಮಳೆಗಾಲದಲ್ಲಿ ಸ್ನಾನವನ್ನೇ ಮುಂದೂಡಿದರೂ ನಷ್ಟವಿಲ್ಲ. ಮನುಷ್ಯರ ಶ್ಯಾಂಪೂ ಬೇಡ.

5. ಕಡಿಮೆ ತಿನ್ನುತ್ತದೆ, ತಿನ್ನಲಿ ಬಿಡಿ. ಆದರೆ ಬರೀ ಮುದ್ದೆ ಬೇಡ

ಸೈಬೀರಿಯದ ಈಶಾನ್ಯ ತುದಿಯ ಚುಕ್ಚಿ ಜನ ಈ ನಾಯಿಯನ್ನು ಬೆಳೆಸಿದ್ದು ಕಡಿಮೆ ತಿಂದು ದೂರ ಎಳೆಯಲಿ ಎಂದು. ಗಂಡಿನ ತೂಕ 20ರಿಂದ 27 ಕಿಲೋ, ಹೆಣ್ಣಿನದು 16ರಿಂದ 23. ಕೂದಲ ದೆಸೆಯಿಂದ ಲ್ಯಾಬ್ರಡಾರಿನಷ್ಟು ಕಾಣುತ್ತದೆ, ಅಷ್ಟೇ. ಲ್ಯಾಬ್ರಡಾರ್ ಸಾಕಿ ಅಭ್ಯಾಸವಾದವರು ಹಸ್ಕಿಯ ತಟ್ಟೆ ನೋಡಿ ಕಂಗಾಲಾಗುತ್ತಾರೆ. "ಏನು ಹಾಕಿದ್ರೂ ಮೂಸಿ ಹೋಗುತ್ತೆ ಮೇಡಂ" ಎಂದು ಚಿಕನ್, ಆಮೇಲೆ ತುಪ್ಪ, ಆಮೇಲೆ ಕೈತುತ್ತು. ಬುದ್ಧಿವಂತ ನಾಯಿ, ಮೂರು ದಿನದಲ್ಲಿ ನಿಮಗೇ ತರಬೇತಿ ಕೊಟ್ಟಿರುತ್ತದೆ. ಹದಿನೈದು ನಿಮಿಷ ಇಟ್ಟು, ತಿನ್ನದಿದ್ದರೆ ಎತ್ತಿಬಿಡಿ. ಬೆರಳನ್ನು ಕೂದಲೊಳಗೆ ಇಳಿಸಿದಾಗ ಪಕ್ಕೆಲುಬು ಒತ್ತದೆಯೇ ಎಣಿಸಲು ಸಿಕ್ಕಿದರೆ ತೂಕ ಸರಿಯಿದೆ, ಹುಡುಕಬೇಕಾದರೆ ಬೊಜ್ಜು, ಚೂಪಾಗಿ ಚುಚ್ಚಿದರೆ ಸೊರಗಿದೆ.

ಇನ್ನು ಜಿಂಕ್ ವಿಚಾರ. ನಾನು ತಪ್ಪು ಮಾಡಿದ್ದು ಇಲ್ಲಿ. ಪ್ರಾಕ್ಟೀಸಿನ ಮೊದಲ ವರ್ಷಗಳಲ್ಲಿ ಒಂದು ಹಸ್ಕಿಗೆ ಕಣ್ಣಿನ ಸುತ್ತ, ತುಟಿಯಂಚಿನಲ್ಲಿ ದಪ್ಪ ಹಕ್ಕಳೆ ಕಟ್ಟಿತ್ತು. ಫಂಗಸ್ ಎಂದು ಎರಡು ತಿಂಗಳು ಮುಲಾಮು ಹಚ್ಚಿಸಿದೆ. ಇಳಿಯಲಿಲ್ಲ, ಪಾದದ ಮೆತ್ತೆಯೂ ಬಿರಿಯಿತು. ಕೊನೆಗೆ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ನಮಗೆ ಪಾಠ ಹೇಳಿದ್ದ ಹಿರಿಯರೊಬ್ಬರಿಗೆ ಫೋಟೊ ಕಳಿಸಿದೆ. "ಏನಮ್ಮಾ ತಿನ್ನುತ್ತೆ ಅದು?" ಇಷ್ಟೇ ಅವರು ಕೇಳಿದ್ದು. ರಾಗಿಮುದ್ದೆ, ಮಜ್ಜಿಗೆ, ಭಾನುವಾರ ಒಂದು ಮೊಟ್ಟೆ. ಕೆಲವು ಹಸ್ಕಿಗಳ ಕರುಳು ಹುಟ್ಟಿನಿಂದಲೇ ಜಿಂಕನ್ನು ಸರಿಯಾಗಿ ಹೀರುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್, ಜೊತೆಗೆ ಹೆಚ್ಚು ಕ್ಯಾಲ್ಸಿಯಂ ಸೇರಿದರೆ ಇದ್ದ ಜಿಂಕೂ ದಕ್ಕುವುದಿಲ್ಲ. ನಾವು ಹೆಮ್ಮೆಯಿಂದ ಉಣ್ಣುವ ರಾಗಿಯಲ್ಲಿ ಎರಡೂ ಧಾರಾಳ. ಬೀದಿನಾಯಿಯನ್ನು ಗಟ್ಟಿಮುಟ್ಟಾಗಿ ಬೆಳೆಸುವ ಮುದ್ದೆ ಈ ನಾಯಿಯ ಮುಖಕ್ಕೆ ಹಕ್ಕಳೆ ತಂದಿತ್ತು. ಮಾಂಸದ ಪಾಲು ಹೆಚ್ಚಿಸಿ, ತೂಕಕ್ಕೆ ತಕ್ಕ ಜಿಂಕ್ ಕೊಟ್ಟ ಮೇಲೆ ಒಂದೂವರೆ ತಿಂಗಳಲ್ಲಿ ಹಕ್ಕಳೆ ಉದುರಿತು. ಮೆಡಿಕಲ್ ಸ್ಟೋರಿನಿಂದ ನೀವೇ ಜಿಂಕ್ ಮಾತ್ರೆ ತಂದು ನುಂಗಿಸಬೇಡಿ. ಹೆಚ್ಚಾದರೆ ರಕ್ತಕಣ ಒಡೆಯುತ್ತವೆ.

ಹಬ್ಬದ ದಿನ ಪಾಯಸದ ಒಣದ್ರಾಕ್ಷಿ ನೆನಪಿರಲಿ. ದ್ರಾಕ್ಷಿ ಹಸಿಯಾಗಲಿ ಒಣಗಿದ್ದಾಗಲಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟೂ ಬೇಡ.

6. ನೀಲಿ ಕಣ್ಣು ಕುರುಡಲ್ಲ

ಒಂದು ನೀಲಿ, ಒಂದು ಕಂದು ಇದ್ದರೂ ರೋಗವಲ್ಲ. ಕಣ್ಣಿನ ಬಣ್ಣದ ಭಾಗದ ಮಧ್ಯೆ, ಪಾಪೆಯೊಳಗೆ ಹಾಲು ಹನಿಸಿದಂತೆ ಬೆಳ್ಳಗಾಗುವುದು ಪೊರೆ. ಹಸ್ಕಿಗಳಲ್ಲಿ ಇದು ವಂಶದಲ್ಲೇ ಬರುವುದರಿಂದ ಎಳೆ ಪ್ರಾಯದಲ್ಲೂ ಕಾಣಿಸುತ್ತದೆ. ಕಣ್ಣು ಕೆಂಪಾಗಿ, ನೀರು ಸುರಿದು, ಮುಚ್ಚಿಕೊಂಡೇ ಇದ್ದರೆ ಒತ್ತಡ ಏರಿರಬಹುದು. ಅದಕ್ಕೆ ನಾಳೆ ಎಂಬುದಿಲ್ಲ, ಅಂದೇ ತೋರಿಸಿ.

7. ಗೇಟು, ಕೋಳಿ, ಊಳು

1925ರಲ್ಲಿ ಅಲಾಸ್ಕದ ನೋಮ್ ಊರಿಗೆ ಡಿಫ್ತೀರಿಯಾ ಮದ್ದು ಸಾಗಿಸಿದ ನಾಯಿಗಳಲ್ಲಿ ಟೋಗೊ ಎಂಬ ಹಸ್ಕಿಯ ಹೆಸರು ದೊಡ್ಡದು. ಮರಿಯಾಗಿದ್ದಾಗ ಅದನ್ನು ಬೇರೆ ಮನೆಗೆ ಕೊಟ್ಟಿದ್ದರಂತೆ. ಕಿಟಕಿಯ ಗಾಜು ಒಡೆದುಕೊಂಡು ಹಾರಿ, ಯಜಮಾನ ಸೆಪ್ಪಾಲನ ಬಳಿಗೇ ವಾಪಸು. ನಿಮ್ಮ ನಾಲ್ಕಡಿ ಗೇಟನ್ನು ಟೋಗೊವಿನ ವಂಶಸ್ಥರು ಗೇಟು ಎಂದು ಪರಿಗಣಿಸುವುದಿಲ್ಲ. ಆರಡಿ ಬೇಕು, ಬುಡದಲ್ಲಿ ಮಣ್ಣಿದ್ದರೆ ಕಲ್ಲು ಹಾಸಬೇಕು. ಹಗ್ಗ ಬಿಚ್ಚಿ ಬಿಟ್ಟರೆ ಕರೆದಾಗ ಬರುವುದೆಂಬ ನಂಬಿಕೆ ಬೇಡ. ತೋಟದ ಮನೆಗೆ ಪಿಕ್‌ನಿಕ್‌ಗೆಂದು ಒಯ್ದ ಒಂದು ಹಸ್ಕಿ ಇಪ್ಪತ್ತು ನಿಮಿಷದಲ್ಲಿ ಪಕ್ಕದವರ ಹನ್ನೊಂದು ನಾಟಿಕೋಳಿ ಮುಗಿಸಿತ್ತು. ಒಂದನ್ನೂ ತಿಂದಿರಲಿಲ್ಲ, ಸಾಲಾಗಿ ಮಲಗಿಸಿತ್ತು. ದುಡ್ಡು ಕೊಟ್ಟು ಬಂದ ಯಜಮಾನರು ನನ್ನನ್ನು ಕೇಳಿದ್ದು, "ಇದಕ್ಕೇನಾದ್ರೂ ಇಂಜೆಕ್ಷನ್ ಇದೆಯಾ ಡಾಕ್ಟ್ರೇ?" ಇಲ್ಲ. ಮೈಕ್ರೋಚಿಪ್ ಹಾಕಿಸಿ, ಕತ್ತುಪಟ್ಟಿಗೆ ಫೋನ್ ನಂಬರು ಬರೆಸಿ.

ಹಸ್ಕಿ ಬೊಗಳುವುದು ಕಡಿಮೆ, ಊಳಿಡುವುದು ಹೆಚ್ಚು. ನಮ್ಮಲ್ಲಿ ನಾಯಿ ಊಳಿಟ್ಟರೆ ಯಮ ಕಂಡಿದ್ದಾನೆ ಎಂದರ್ಥ. ಬೆಳ್ಳಿ ಬಂದ ಹೊಸತರಲ್ಲಿ ಎದುರುಮನೆಯ ಅಜ್ಜಿ ಬಂದು, "ಡಾಕ್ಟ್ರಮ್ಮಾ, ನಮ್ಮನೆಯವರಿಗೆ ಮೊದಲೇ ಹುಷಾರಿಲ್ಲ, ನಿಮ್ಮ ನಾಯಿ ನಮ್ಮ ಬಾಗಿಲ ಕಡೆನೇ ನೋಡಿ ಅಳುತ್ತೆ" ಅಂದರು. ವಾದ ಮಾಡಲಿಲ್ಲ. ಬೆಳ್ಳಿಯ ಹಾಸಿಗೆಯನ್ನು ಹಿಂಬದಿಯ ಕೋಣೆಗೆ ಹಾಕಿದೆ, ರಾತ್ರಿ ವಾಕಿಂಗನ್ನು ಮುಕ್ಕಾಲು ಗಂಟೆಗೆ ಹೆಚ್ಚಿಸಿದೆ. ದಣಿದ ಹಸ್ಕಿ ರಾತ್ರಿ ಹಾಡುವುದಿಲ್ಲ. ಉಳಿದದ್ದು ಬೆಳಗಿನ ಜಾವ ದೇವಸ್ಥಾನದ ಮೈಕಿನಲ್ಲಿ ಸುಪ್ರಭಾತ ಶುರುವಾದಾಗ ಅದು ಸೇರಿಸುವ ಶ್ರುತಿ ಮಾತ್ರ. ಅಜ್ಜಿ ಈಗ ಅದನ್ನು ಭಕ್ತಿ ಅನ್ನುತ್ತಾರೆ. ಅಜ್ಜ ಚೆನ್ನಾಗಿದ್ದಾರೆ.

8. ಲಸಿಕೆಯ ಪುಸ್ತಕ

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಹದಿನಾರು ವಾರ ತುಂಬುವವರೆಗೆ ಮೂರು-ನಾಲ್ಕು ವಾರಕ್ಕೊಂದು. ರೇಬಿಸ್ ಮೂರು ತಿಂಗಳಿಗೆ, ಆಮೇಲೆ ತಪ್ಪದೆ. ಇಲಿ ಓಡಾಡುವ, ಮಳೆನೀರು ನಿಲ್ಲುವ ಜಾಗದಲ್ಲಿದ್ದರೆ ಲೆಪ್ಟೊಸ್ಪೈರೋಸಿಸ್ ಲಸಿಕೆ ಬಿಡಬೇಡಿ. ಮೂರು ತಿಂಗಳಿಗೊಮ್ಮೆ ಜಂತುಮಾತ್ರೆ.

9. 'ಹಸ್ಕಿ ತರಬಹುದಾ?'

ವಾರಕ್ಕೊಬ್ಬರಾದರೂ ಕೇಳುತ್ತಾರೆ. ಹೆಚ್ಚಿನವರಿಗೆ ಬೇಡ ಅನ್ನುತ್ತೇನೆ. ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವ ಇಬ್ಬರು, ಎರಡು ಬೆಡ್‌ರೂಮಿನ ಫ್ಲ್ಯಾಟು, ಬಾಲ್ಕನಿಯಲ್ಲಿ ನಾಯಿ ಎಂಬ ಲೆಕ್ಕವಿದ್ದರೆ ಖಂಡಿತ ಬೇಡ. ಹನ್ನೆರಡು-ಹದಿನಾಲ್ಕು ವರ್ಷ ಬದುಕುವ ಜೀವ, ದಿನಕ್ಕೆ ಎರಡು ಗಂಟೆ ನಿಮ್ಮ ಕಾಲು, ಅರ್ಧ ಗಂಟೆ ನಿಮ್ಮ ಬೆರಳು ಕೇಳುತ್ತದೆ. ನನ್ನ ಮಾತು ಕೇಳದೆ ಕೊಳ್ಳುವವರು ಒಂದಾದರೂ ನೋಡಿ: 2017ರ ಶ್ವಾನ ತಳಿ ಸಾಕಣೆ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ರಸ್ತೆಬದಿಯಲ್ಲಿ ಕಾರಿನ ಡಿಕ್ಕಿ ತೆಗೆದು ತೋರಿಸುವವನ ಬಳಿ ಇದೆರಡನ್ನೂ ಕೇಳಿ, ಮುಖ ನೋಡಿ.

ಬಿಟ್ಟುಹೋದ ಹಸ್ಕಿಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ. ಈ ವರ್ಷ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಎರಡಿವೆ. ಒಂದಕ್ಕೆ ನಾಲ್ಕು ವರ್ಷ, ಇನ್ನೊಂದಕ್ಕೆ ಆರು. ಎರಡಕ್ಕೂ ಲಸಿಕೆಯಾಗಿದೆ, ಉಣ್ಣೆಜ್ವರ ವಾಸಿಯಾಗಿದೆ, ಕೋಳಿಯ ಬಗ್ಗೆ ಗ್ಯಾರಂಟಿ ಇಲ್ಲ. ಮರಿ ಕೊಳ್ಳುವ ಮೊದಲು ನಿಮ್ಮೂರಿನಲ್ಲೂ ಇಂಥ ಒಂದು ಕೋಣೆ ಇದೆಯೇ ವಿಚಾರಿಸಿ, ಒಮ್ಮೆ ಹೋಗಿ ಪಕ್ಕದಲ್ಲಿ ಕೂತು ಬನ್ನಿ. ಹೋಗುವಾಗ ಕಪ್ಪು ಪ್ಯಾಂಟ್ ಮಾತ್ರ ಹಾಕಿಕೊಳ್ಳಬೇಡಿ.